ಅತ್ತೆಯ ಮಂಡಿ, ವಿಮಾನದ ವೇಳೆ

ಬೆಳಕು ಹರಿಯುವ ಹೊತ್ತು. ಖಾಲಿ ಬಸ್ ನಿಲ್ದಾಣದಲ್ಲಿ ವಯಸ್ಸಾದ ಹೆಂಗಸೊಬ್ಬರು ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಆ ತುದಿಗೆ ನಡೆಯುತ್ತಿದ್ದಾರೆ. ಹಿಂದೆಯೇ ಮೊಬೈಲಿನಲ್ಲಿ ಸಮಯ ನೋಡುತ್ತ ಸೊಸೆ. ಕಂಡವರು ಅತ್ತೆಯನ್ನು ಸಾಗಹಾಕುತ್ತಿದ್ದಾಳೆ ಎಂದುಕೊಳ್ಳಬೇಕು! ಅತ್ತೆ ನಡುವೆ ಬೆಂಚಿನ ಮೇಲೆ ಕೂತು, ಕಸ ಗುಡಿಸುವವಳ ಮಗಳ ಮದುವೆ ವಿಚಾರಿಸುತ್ತಾರೆ. ಸೊಸೆ ಗಡಿಯಾರ ನಿಲ್ಲಿಸುವುದಿಲ್ಲ.

"ಹರಟೆನೂ ಲೆಕ್ಕಕ್ಕೆ ಬರುತ್ತೆ. ವಿಮಾನ ನಿಲ್ದಾಣದಲ್ಲೂ ಮನುಷ್ಯರೇ ತಾನೆ ಇರೋದು?" ಎಂಬುದು ಸೊಸೆಯ ವಾದ.

ಈ ಸೊಸೆ ಟ್ರಾವೆಲ್ ಏಜೆನ್ಸಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಜಗತ್ತು ಸುತ್ತುವವರಿಗೆ ಊರಿಂದೂರಿಗೆ ವಿಮಾನ ಜೋಡಿಸಿಕೊಡುತ್ತಾರೆ. ಮುಂದಿನ ಕೋಣೆಯಲ್ಲಿ ಮಾಲೀಕರು ಗಿರಾಕಿಗೆ ಅಂಗೈಯಲ್ಲೇ ಪ್ರಪಂಚ ತೋರಿಸಿದರೆ, ಅದರ ಗಂಟುಗಳನ್ನು ಬಿಡಿಸುವ ಪಾಡು ಇವರದು. ಸಹೋದ್ಯೋಗಿಗಳಿಗೆ ಇವರು 'ಭೂಗೋಳದಕ್ಕ'. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಸದಾ ಹಗಲಾದ್ದರಿಂದ ಇವರ ಫೋನಿಗೆ ರಾತ್ರಿಯೆಂಬುದೇ ಇಲ್ಲ. ಊಟದ ತಟ್ಟೆಯ ಮುಂದೆ ಕೂತರೆ ಸಾಕು, ಯಾರದೋ ಪೆಟ್ಟಿಗೆ ಇನ್ನಾವುದೋ ಖಂಡದಲ್ಲಿ ಕಳೆದುಹೋಗಿರುತ್ತದೆ.

ಇಂದಿನ ನಡಿಗೆ ಟೈಲರಮ್ಮ ಎಂಬ ಗಿರಾಕಿಗಾಗಿ. ಅವರ ಮೂವರು ಅಕ್ಕಂದಿರು ಮೂರು ದೇಶಗಳಲ್ಲಿದ್ದಾರೆ. ದೊಡ್ಡಕ್ಕನ ಕಣ್ಣು ಮಬ್ಬಾಗುತ್ತಿದೆ. ಆಪರೇಷನ್ನಿಗೆ ದಿನ ಗೊತ್ತಾಗಿದೆ, ಡಾಕ್ಟರು ಭರವಸೆ ಕೊಟ್ಟಿಲ್ಲ. ಅದಕ್ಕೆ ಮೊದಲು ಅಕ್ಕ ತನ್ನ ಮುಖ ನೋಡಬೇಕೆಂಬುದು ಟೈಲರಮ್ಮನ ಹಟ. ಭೂಗೋಳದಕ್ಕ ಇಡೀ ಸುತ್ತನ್ನೇ ತಿರುವುಮುರುವು ಮಾಡಿ ದೊಡ್ಡಕ್ಕನ ಊರನ್ನು ಮೊದಲಿಗೆ ತಂದಿದ್ದಾರೆ. ಆದರೆ ದಾರಿಯಲ್ಲಿ ವಿಮಾನ ಬದಲಿಸಲು ಸಿಗುವುದು ಒಂದೇ ಗಂಟೆ. ಅಷ್ಟರಲ್ಲಿ ನಿಲ್ದಾಣದ ಆ ತುದಿ ಮುಟ್ಟಲಾದೀತೇ ಎಂದು ಅಳೆಯುವುದಕ್ಕೇ ಅತ್ತೆಯ ಈ ನಡಿಗೆ. ತಪ್ಪಿದರೆ ಮುಂದಿನ ಸೀಟಿಗೆ ಖಾತ್ರಿಯಿಲ್ಲ. ಆಮೇಲಿನ ಪ್ರಯಾಣವೆಲ್ಲ ಹೊಲಿಗೆ ಬಿಚ್ಚಿದಂತೆಯೇ. ಅರ್ಧ ದಿನ ತಡವಾಗಿ ಹೊರಡುವ ಇನ್ನೊಂದು ವಿಮಾನಕ್ಕೆ ಈಗಲೇ ಟಿಕೆಟ್ ಮಾಡಿಸಬಹುದು, ಆದರೆ ಅಲ್ಲಿಯವರೆಗೆ ಕಾಯಬೇಕು.

ಕಂಪ್ಯೂಟರ್ ಒಂದು ಗಂಟೆ ಧಾರಾಳ ಎನ್ನುತ್ತದೆ. ಮಾಲೀಕರದೂ ಅದೇ ರಾಗ. ಅವರ ಮೂಗುದನಿಯನ್ನು ಭೂಗೋಳದಕ್ಕ ಹಾಗೇ ಅಣಕಿಸುತ್ತಾರೆ: "ಅಷ್ಟು ಹೊತ್ತು ಕಾಯ್ಸಿದ್ರೆ ಗಿರಾಕಿ ನಿಲ್ತಾರೇನಮ್ಮಾ?" ಅರ್ಧ ದಿನ ಮೊದಲೇ ಅಕ್ಕನನ್ನು ಸೇರುವ ಆಸೆಗೆ ಟೈಲರಮ್ಮ ಕೂಡ, ಓಡಿಯಾದರೂ ಹತ್ತುತ್ತೇನೆ ಎಂದಿದ್ದರು.

"ಕಂಪ್ಯೂಟರಿಗೆ ಮಂಡಿ ನೋವಿಲ್ಲ. ನಮ್ಮತ್ತೆಗಿದೆ, ಟೈಲರಮ್ಮಂಗೂ ಇದೆ" ಎನ್ನುವ ಭೂಗೋಳದಕ್ಕ, ಅತ್ತೆ ಏದುಸಿರು ಬಿಡುತ್ತ ತುದಿ ಮುಟ್ಟಿದ ಕೂಡಲೇ ತಡವಾಗಿ ಹೊರಡುವ ವಿಮಾನವನ್ನೇ ಗೊತ್ತುಮಾಡುತ್ತಾರೆ. ಟೈಲರಮ್ಮ ಮುನಿಸಿಕೊಂಡೇ ಹೊರಡುತ್ತಾರೆ.

ಟೈಲರಮ್ಮನ ಫೋನು ಬರುವುದು ದೊಡ್ಡಕ್ಕನ ಮನೆಯಿಂದ, ಆಪರೇಷನ್ನಿನ ಹಿಂದಿನ ದಿನ. ಕುಂಟುತ್ತ, ಕಂಡ ಬೆಂಚಿನಲ್ಲೆಲ್ಲ ಕೂತೆದ್ದು ಹೋಗುವಷ್ಟರಲ್ಲಿ ಮೊದಲಿನ ವಿಮಾನ ಆಕಾಶ ಸೇರಿತ್ತಂತೆ, ತನ್ನದು ಕಾದಿತ್ತಂತೆ. ಅಕ್ಕ ಬಾಗಿಲಲ್ಲೇ ತಡೆದು ನಿಲ್ಲಿಸಿ, ತಂಗಿ ತಾನೇ ಹೊಲಿದುಕೊಂಡ ಅಂಗಿಯ ತೋಳು ಸೊಟ್ಟಗಿದೆ ಎಂದು ಬೈದರಂತೆ.

ಭೂಗೋಳದಕ್ಕ ಫೋನು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. "ಸೊಟ್ಟ ಕಾಣಿಸ್ತಂತೆ. ಬೈಸ್ಕೊಳೋಕೆ ಅಷ್ಟು ದೂರ ಕಳಿಸಿದ್ದು ಸಾರ್ಥಕ ಆಯ್ತು."