ಮಗುಚಿ ಬರೆದ ಡಯಾಟಮ್

ಹೋದ ವಾರ ಚಂದ್ರಾ ಲೇಔಟಿನ ಸ್ಟೇಷನರಿ ಅಂಗಡಿಯೊಂದರಲ್ಲಿ ಕವರು ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹಳೆಯ ಸರಕನ್ನು ತೆಗೆದು ಹಾಕುತ್ತಿದ್ದರು. ಕಪ್ಪು ಡ್ರಾಯಿಂಗ್ ಇಂಕಿನ ಪುಟ್ಟ ಬಾಟಲಿಯೊಂದರ ಮುಚ್ಚಳ ತಿರುವಿ, ಒಣಗಿದೆಯೋ ಇಲ್ಲವೋ ಎಂದು ಮೂಸಿ ನೋಡಿ, ನನ್ನ ಅಭಿಪ್ರಾಯವೂ ಇರಲಿ ಎಂಬಂತೆ ನನ್ನ ಕಡೆಗೆ ಚಾಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಬಾಟಲಿಯನ್ನು ಹಿಂದಕ್ಕೆ ತಳ್ಳಿದೆ. ಕವರು ಕೊಳ್ಳದೆ ಹೊರಗೆ ಬಂದುಬಿಟ್ಟೆ. ಕಾಲೇಜಿನಲ್ಲಿ ಮಕ್ಕಳನ್ನು ಗದರಿಸಿ ಸಂಬಳ ತೆಗೆದುಕೊಳ್ಳುವ ಐವತ್ತರ ಹೆಂಗಸು ಒಂದು ಶಾಯಿ ಬಾಟಲಿಗೆ ಹೆದರಿ ಓಡಿದಳು ಎಂದರೆ ನಿಮಗೆ ನಗು ಬಂದೀತು. ನಗಿ, ಬೇಡ ಎನ್ನುವುದಿಲ್ಲ. ಪೂರ್ತಿ ಕೇಳಿ ಆಮೇಲೆ ನಗಿ.

ಎರಡು ಸಾವಿರದ ಐದಾರರ ಸುಮಾರಿನ ಮಾತು. ನಾನಾಗ ಕೆಂಗೇರಿ ಕಡೆಯ ಒಂದು ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ ಡಯಾಟಮ್. ಅಂದರೆ ನೀರಿನಲ್ಲಿ ಬದುಕುವ, ಮೈಮೇಲೆ ಗಾಜಿನ ಚಿಪ್ಪು ಹೊತ್ತ, ಒಂದೇ ಕೋಶದ ಪಾಚಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅಮ್ಮ ‘ಪಾಚಿ’ ಎಂಬ ಮಾತು ಬಾಯಿಗೆ ಬರುವ ಮುಂಚೆಯೇ ‘ಸೈನ್ಸ್’ ಎಂದು ಮುಗಿಸಿಬಿಡುತ್ತಿದ್ದಳು. ಬಚ್ಚಲಲ್ಲಿ ಉಜ್ಜಿ ತೆಗೆಯುವ ವಸ್ತುವನ್ನು ಐದು ವರ್ಷ ಓದುತ್ತಾಳೆ ಎಂದರೆ ಯಾರು ತಾನೇ ಒಪ್ಪುತ್ತಾರೆ?

ಐದನೆಯ ವರ್ಷವೂ ಮುಗಿಯುತ್ತ ಬಂದಿತ್ತು. ಇನ್ನು ಗಡುವು ವಿಸ್ತರಿಸುವುದಿಲ್ಲ ಎಂದು ಕಚೇರಿಯಿಂದ ಪತ್ರ ಬಂದಿತ್ತು. ಅಚ್ಚಿಗೆ ಒಪ್ಪಿಗೆಯಾದ ಲೇಖನ ಒಂದಾದರೂ ಇಲ್ಲದೆ ಪ್ರಬಂಧವನ್ನು ಒಪ್ಪಿಸುವಂತಿಲ್ಲ, ನನ್ನ ಬಳಿ ಒಂದೂ ಇರಲಿಲ್ಲ. ಆಗ ಸಿಕ್ಕಿತು ಅದು. ಕಾರವಾರದ ಕಡೆಯಿಂದ ತಂದ ಕಡಲ ಮರಳನ್ನು ಆಸಿಡ್‌ನಲ್ಲಿ ಕುದಿಸಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡ ದೋಣಿಯಾಕಾರದ ಚಿಪ್ಪು. ಉದ್ದ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗಿಂತ ತುಸು ಹೆಚ್ಚು. ನಡುವೆ ಬೆನ್ನುಹುರಿಯಂಥ ಗೆರೆ, ಅದರ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂತೆ ಸಣ್ಣ ಗೆರೆಗಳು. ಆದರೆ ಸರಿಯಾಗಿ ಮಧ್ಯದಲ್ಲಿ, ಒಂದೇ ಬದಿಯಲ್ಲಿ, ಗೆರೆಗಳು ಮೊಟಕಾಗಿ ಒಂದಿಷ್ಟು ಖಾಲಿ ಜಾಗ. ಆ ಖಾಲಿ ಜಾಗ ಎರಡೂ ಬದಿಗಿದ್ದರೆ ಅದು ಎಲ್ಲರಿಗೂ ಗೊತ್ತಿರುವ ಹಳೆಯ ಜಾತಿ. ಒಂದೇ ಬದಿಗಿದ್ದರೆ ಜಗತ್ತಿನಲ್ಲಿ ಯಾರೂ ಇನ್ನೂ ಹೆಸರಿಡದ ಹೊಸ ಜಾತಿ. ನನ್ನ ಐದು ವರ್ಷ ಆ ಒಂದು ಬದಿಯ ಮೇಲೆ ನಿಂತಿತ್ತು.

ಹೊಸ ಜಾತಿಯನ್ನು ಆಗ ಲ್ಯಾಟಿನ್‌ನಲ್ಲೂ ವರ್ಣಿಸಬೇಕಿತ್ತು. ಇಂಗ್ಲಿಷಿಗೇ ತಡವರಿಸುವ ನಾನು ಹಳೆಯ ಲೇಖನಗಳಿಂದ ಪದ ಕಿತ್ತು ಹೊಲಿದು ನಾಲ್ಕು ಸಾಲು ಮಾಡಿದ್ದೆ. ಫೋಟೋಗಳ ಜೊತೆಗೆ ಶಾಯಿಯಲ್ಲಿ ಬರೆದ ಚಿತ್ರವೂ ಬೇಕು ಎಂದು ನಮ್ಮ ಗೈಡ್ ಹಟ ಹಿಡಿದರು. ಹಳೇ ಕಾಲದವರು, ಬಲು ಕೋಪಿಷ್ಠರು. ನನ್ನ ಕೈಬರಹವೇ ಕೋಳಿ ಕೆರೆದ ಹಾಗಿರುತ್ತದೆ, ಇನ್ನು ಚಿತ್ರವೆಲ್ಲಿ ಬಂತು? ಅಪ್ಪ ತಮ್ಮ ಪರಿಚಯದ ನಂಜುಂಡಯ್ಯನವರ ಹತ್ತಿರ ಕಳಿಸಿದರು. ಅವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಭಾಗಗಳ ನಕ್ಷೆ ಬರೆದು ನಿವೃತ್ತರಾದ ಡ್ರಾಫ್ಟ್ಸ್‌ಮನ್.

ಅವರ ಮನೆಯ ಮುಂದಿನ ಕೋಣೆಯಲ್ಲಿ ಇಳಿಜಾರು ಹಲಗೆ, ಅದರ ಮೇಲೆ ಅಡಿಯದು ಕಾಣುವಂಥ ಟ್ರೇಸಿಂಗ್ ಹಾಳೆ, ಪಕ್ಕದಲ್ಲಿ ಅದೇ ಕಪ್ಪು ಇಂಕಿನ ಬಾಟಲಿ, ಕೋಣೆಯ ತುಂಬ ಅದರ ವಾಸನೆ. ನಾನು ಏಳು ಫೋಟೋ ಕೊಟ್ಟಿದ್ದೆ. ಚಿಪ್ಪು ಗಾಜಿನ ಮೇಲೆ ಹೇಗೆ ಬಿದ್ದಿದೆಯೋ ಅದರಂತೆ ಆ ಖಾಲಿ ಜಾಗ ಕೆಲವು ಫೋಟೋಗಳಲ್ಲಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ ಕಾಣುತ್ತಿತ್ತು. ಯಾವ ಕಡೆ ಕಂಡರೂ ಒಂದು ಚಿಪ್ಪಿನಲ್ಲಿ ಅದು ಒಂದು ಬದಿಗೆ ಮಾತ್ರ ಇರುತ್ತದೆ, ಅದೇ ಇದರ ಜೀವಾಳ ಎಂದು ಅವರಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಯಂತ್ರದ ನಕ್ಷೆ ಬರೆಯುವ ಮನುಷ್ಯರಿಗೆ ಇದೆಲ್ಲ ಯಾಕೆ ಎನ್ನುವ ಸಣ್ಣ ಅಹಂಕಾರವೂ ಇತ್ತು, ಈಗ ಯಾಕೆ ಮುಚ್ಚಿಡಲಿ.

ಅವರು ಕಾರ್ಖಾನೆಯವರೆಲ್ಲ ಮಾಡುವಂತೆ ಮಾಡಿದರು. ಖಾಲಿ ಜಾಗವಿದ್ದ ಎಡಭಾಗವನ್ನು ಮಾತ್ರ ಗೆರೆಗೆರೆಯಾಗಿ ಬರೆದು, ಹಾಳೆಯನ್ನು ಮಗುಚಿ, ಅದನ್ನೇ ಬಲಭಾಗಕ್ಕೆ ತೆಗೆದರು. ನನ್ನೆದುರಿಗೇ. ಹಾಳೆ ಮಗುಚಿದಾಗ ಎರಡು ಅರ್ಧಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡದ್ದನ್ನು ನೋಡಿ ನಾನು ಜಾದೂ ನೋಡಿದವಳಂತೆ ಚಪ್ಪಾಳೆ ತಟ್ಟಿದೆ. ಆಮೇಲೆ ಅವರು ಹಾಳೆಯ ಕೆಳಮೂಲೆಯಲ್ಲಿ ಎರಡು ಪುಟ್ಟ ಚೌಕ ಹಾಕಿದರು. ಒಂದು ಬರೆದವರದು, ಇನ್ನೊಂದು ಪರೀಕ್ಷಿಸಿದವರದು. ತಮ್ಮದರಲ್ಲಿ ರುಜು ಹಾಕಿ ಪೆನ್ನನ್ನು ನನಗೆ ಕೊಟ್ಟರು.

“ಚೆನ್ನಾಗಿ ನೋಡಿ ಸೈನ್ ಹಾಕಮ್ಮ. ನಮ್ ಫ್ಯಾಕ್ಟ್ರೀಲಿ ಚೆಕ್ ಮಾಡ್ದೋರು ಸೈನ್ ಹಾಕಿದ್ಮೇಲೆ ತಪ್ಪು ಅವ್ರದ್ದೇ.”

ನನಗೆ ಕೆಂಗೇರಿ ಬಸ್ಸಿನ ಚಿಂತೆ. ನೋಡಿದೆ, ಚೆಂದವಾಗಿತ್ತು, ಸೈನ್ ಹಾಕಿದೆ. ಅವರು ಚೌಕ ಬಿಟ್ಟು ಚಿತ್ರದ ಪ್ರತಿ ತೆಗೆಸಿಕೊಟ್ಟು ಮೂಲವನ್ನು ತಮ್ಮಲ್ಲೇ ಇಟ್ಟುಕೊಂಡರು. ಗೈಡ್ ಕೂಡ ಆ ಪ್ರತಿ ನೋಡಿ, ಇಂಥ ಕೈ ಈಗ ಎಲ್ಲಿದೆ ಎಂದು ಹೊಗಳಿದರು. ಲೇಖನ ಹೋಯಿತು.

ಎರಡು ತಿಂಗಳಿಗೆ ಪತ್ರಿಕೆಯವರ ಉತ್ತರ ಬಂತು. ಪರಿಶೀಲಕರು ಸೌಜನ್ಯದಿಂದಲೇ ಕೇಳಿದ್ದರು: ಫೋಟೋದಲ್ಲಿ ಖಾಲಿ ಜಾಗ ಒಂದು ಬದಿಗಿದೆ, ವರ್ಣನೆಯಲ್ಲೂ ಒಂದೇ ಬದಿ ಎಂದಿದೆ, ಚಿತ್ರದಲ್ಲಿ ಎರಡೂ ಬದಿಗಿದೆ. ಯಾವುದು ನಿಜ? ಚಿತ್ರ ನಿಜವಾದರೆ ಇದು ಹೊಸ ಜಾತಿಯಲ್ಲ. ಎರಡು ವಾರದೊಳಗೆ ತಿಳಿಸಿ.

ಗೈಡ್ ಆ ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಅವರ ಕೋಪ ನಾನು ಕಂಡಿದ್ದೆ, ಆದರೆ ಅವತ್ತು ದನಿ ಏರಿಸಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಇಷ್ಟು ವರ್ಷದಲ್ಲಿ ತಮ್ಮ ಹೆಸರಿನ ಲೇಖನಕ್ಕೆ ಇಂಥ ಪ್ರಶ್ನೆ ಬಂದಿರಲಿಲ್ಲ ಎಂದರು. ನಿನ್ನ ಕಣ್ಣನ್ನು ನಂಬಿ ನಾನು ಸಹಿ ಹಾಕಿದೆ, ಇನ್ನು ಮುಂದೆ ನಿನ್ನ ಯಾವ ಸ್ಲೈಡನ್ನು ನಂಬಲಿ ಎಂದರು. ಆಮೇಲೆ ಕೇಳಿದರು.

“ಚಿತ್ರ ಕಳ್ಸೋ ಮುಂಚೆ ನೀನು ನೋಡಿರ್ಲಿಲ್ವೇನಮ್ಮ?”

ನೋಡಿದ್ದೆ ಎಂದರೆ ಐದು ವರ್ಷ ಅಲ್ಲಿಗೇ ಮುಗಿಯಿತು ಎನಿಸಿತು. “ಅವ್ರು ಅವಸರದಲ್ಲಿ ಕೊಟ್ಬಿಟ್ರು ಸಾರ್, ಸರಿಯಾಗಿ ತೋರಿಸ್ಲಿಲ್ಲ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ನಾಲ್ಕು ಸಾಲು ಲ್ಯಾಟಿನ್‌ಗೆ ಒಂದು ತಿಂಗಳು ತಿಣುಕಿದವಳಿಗೆ ಸುಳ್ಳು ಹೇಳಲು ಒಂದು ಉಸಿರು ಸಾಕಾಯಿತು.

ಮಾರನೆಯ ದಿನ ಗೈಡ್ ನಂಜುಂಡಯ್ಯನವರನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಕಂಕುಳಲ್ಲಿ ಹಾಳೆಯ ಸುರುಳಿ. ಅದು ಚೌಕಗಳಿದ್ದ ಮೂಲ ಚಿತ್ರ. ನನ್ನ ಸೈನು ಅದರಲ್ಲಿತ್ತು. ಸುರುಳಿ ಬಿಚ್ಚಲು ಎಷ್ಟು ಹೊತ್ತು ಬೇಕು?

ಗೈಡ್ ಅವರನ್ನು ಕೂರಲು ಸಹ ಹೇಳಲಿಲ್ಲ. ಇದೇನು ನಟ್ಟು ಬೋಲ್ಟು ಎಂದುಕೊಂಡಿರಾ, ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆಯಲು ನಿಮಗೆ ಹೇಳಿದವರು ಯಾರು ಎಂದು ಶುರುಮಾಡಿದರು. ಪಕ್ಕದ ಲ್ಯಾಬಿನಲ್ಲಿದ್ದವರು ಕೆಲಸ ನಿಲ್ಲಿಸಿದ್ದು ಗೊತ್ತಾಗುತ್ತಿತ್ತು. ಕೊನೆಗೆ, “ಈ ಹುಡುಗಿಗೆ ತೋರಿಸ್ದೇನೇ ಕೊಟ್ಬಿಟ್ರಂತೆ. ಇದೇನ್ರೀ ನಿಮ್ ಮೂವತ್ತು ವರ್ಷದ ಸರ್ವಿಸ್ಸು?” ಎಂದರು.

ನಂಜುಂಡಯ್ಯನವರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ಏನನ್ನೋ ಕಾಯುವವರಂತೆ ಸ್ವಲ್ಪ ಹೊತ್ತು ನೋಡಿದರು. ನಾನು ನೆಲದ ಮೊಸಾಯಿಕ್‌ನ ಕಪ್ಪು ಚುಕ್ಕೆಗಳನ್ನು ಎಣಿಸುತ್ತಿದ್ದೆ. ಸುರುಳಿ ಬಿಚ್ಚುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿಯೆಲ್ಲ ಅಲ್ಲೇ ಇತ್ತು.

“ತಪ್ಪಾಗಿದೆ ಸಾರ್. ಬೇರೆ ಬರ್ಕೊಡ್ತೀನಿ” ಎಂದರು ಅವರು.

ನಾಲ್ಕು ದಿನ ದಿನಾ ಬಂದರು. ಜೀವನದಲ್ಲಿ ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಎರಡೂ ಬದಿಯ ಒಂದೊಂದು ಗೆರೆಯನ್ನೂ ಬೇರೆಬೇರೆಯಾಗಿ ನೋಡಿ ಬರೆದರು. ಹಾಳೆ ಮಗುಚಲಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಮೂಲೆಯಲ್ಲಿ ಚೌಕಗಳನ್ನು ಮಾತ್ರ ಹಾಕಲಿಲ್ಲ, ನಾನು ಕೇಳಲೂ ಇಲ್ಲ. ಚಿತ್ರ ಹೋಯಿತು, ಲೇಖನ ಒಪ್ಪಿಗೆಯಾಯಿತು, ಗಡುವಿಗೆ ಒಂಬತ್ತು ದಿನ ಇರುವಾಗ ಪ್ರಬಂಧ ಒಪ್ಪಿಸಿದೆ. ಲೇಖನದ ಕೊನೆಯ ಕೃತಜ್ಞತೆಗಳಲ್ಲಿದ್ದ ನಂಜುಂಡಯ್ಯನವರ ಹೆಸರನ್ನು ಗೈಡ್ ಕೆಂಪು ಪೆನ್ನಿನಲ್ಲಿ ಹೊಡೆದರು. ತಿದ್ದಿದ ಪ್ರತಿಯನ್ನು ಟೈಪ್ ಮಾಡಿದವಳು ನಾನೇ.

ಆ ಜಾತಿ ಈಗ ಪುಸ್ತಕಗಳಲ್ಲಿದೆ. ಹೆಸರಿನ ಪಕ್ಕದಲ್ಲಿ ಗೈಡ್ ಹೆಸರೂ ನನ್ನ ಹೆಸರೂ ಇದೆ. ಕಡಲು ಇರುವವರೆಗೆ ಇರುತ್ತದೆ ಎಂದು ವಿದ್ಯಾರ್ಥಿಗಳೆದುರು ಕೊಚ್ಚಿಕೊಂಡಿದ್ದೇನೆ. ಮನೆಗೆ ಬಂದು ಊಟ ಸೇರದೆ ಮಲಗಿದ್ದೂ ಉಂಟು.

ಅಂಗಡಿಯಿಂದ ಓಡಿದವಳು ಮನೆಗೆ ಹೋಗಲಿಲ್ಲ. ಆಟೋ ಹತ್ತಿ ರಾಜಾಜಿನಗರ ಎಂದೆ. ನಂಜುಂಡಯ್ಯನವರಿಗೆ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ, ಕಣ್ಣು ಅಷ್ಟಕ್ಕಷ್ಟೆ. ಗುರುತು ಹೇಳಿದ ಕೂಡಲೇ ಕೂರಿಸಿಕೊಂಡರು. ಕಾಫಿ ಬರುವ ಮುಂಚೆಯೇ ಹೇಳಿಬಿಟ್ಟೆ, ಇಲ್ಲದಿದ್ದರೆ ಕಾಫಿ ಕುಡಿದು, ಮಕ್ಕಳು ಮೊಮ್ಮಕ್ಕಳನ್ನು ವಿಚಾರಿಸಿ ಹಾಗೇ ಎದ್ದು ಬರುವ ಜಾತಿ ನಾನು.

“ಅಂಕಲ್, ಅವತ್ತು ನೀವು ನಂಗೆ ತೋರ್ಸಿದ್ರಿ. ನಾನು ನೋಡಿದ್ದೆ. ಸಾರ್ ಹತ್ರ ಸುಳ್ಳು ಹೇಳ್ದೆ.”

“ಗೊತ್ತು ಕಣಮ್ಮ” ಎಂದರು.

“ಹಾಳೆ ನಿಮ್ ಕೈಯಲ್ಲೇ ಇತ್ತು. ಯಾಕೆ ತೋರಿಸ್ಲಿಲ್ಲ?”

“ನೀನೇ ಹೇಳ್ತೀಯ ಅಂತಿದ್ದೆ.” ಆಮೇಲೆ, “ಹೋಗ್ಲಿ ಬಿಡು, ವಯಸ್ಸು ಚಿಕ್ಕದು. ನಿಮ್ ಮೇಷ್ಟ್ರಿಗೆ ಆಮೇಲಾದ್ರೂ ಹೇಳಿದ್ಯಾ?” ಎಂದು ಕೇಳಿದರು.

ಗೈಡ್ ಮೂರು ವರ್ಷದ ಹಿಂದೆ ತೀರಿಕೊಂಡರು ಎಂದೆ. ಹೇಳಿರಲಿಲ್ಲ ಎಂದೂ ಹೇಳಿದೆ.

ನಂಜುಂಡಯ್ಯನವರು ಕ್ಷಮಿಸಿದೆ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಅದಕ್ಕೇ ಹೋಗಿದ್ದೆ.

“ಹಂಗಾದ್ರೆ ಅವ್ರು ಹೋಗೋವಾಗ್ಲೂ ನನ್ನನ್ನ ಅಂಥೋನು ಅಂತ್ಲೇ ಅಂದ್ಕೊಂಡು ಹೋದ್ರು” ಎಂದರು.

ಅಷ್ಟು ಹೊತ್ತಿಗೆ ಅವರ ಸೊಸೆ ಕಾಫಿ ತಂದರು. ನನ್ನನ್ನು ಯಾರೆಂದು ಕೇಳಿದರು. ಇವರಿಗೆ ಹಿಂದೆ ಒಂದು ಚಿತ್ರ ಬರೆದುಕೊಟ್ಟಿದ್ದೆ ಎಂದರು ನಂಜುಂಡಯ್ಯನವರು. ಅದರ ಮೇಲೆ ಒಂದು ಮಾತೂ ಸೇರಿಸಲಿಲ್ಲ. ಸೇರಿಸಬೇಕಾದವಳು ನಾನು ಎಂದು ಈ ಸಲ ನನಗೆ ಗೊತ್ತಾಯಿತು. ಲೋಟ ಕೆಳಗಿಟ್ಟು, ಆಕೆಗೆ ಮೊದಲಿನಿಂದ ಹೇಳಲು ಶುರುಮಾಡಿದೆ.