ಬಸ್ಸಿನಲ್ಲಿ ಬಾಯಿಗೆ ಬಂದ ಹೆಸರು

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಹೊಸಪೇಟೆಯಲ್ಲಿ ಸಂಡೂರಿನ ಬಸ್ಸು ಹತ್ತಿ ಸೀಟಿನಲ್ಲಿ ಕೂರುತ್ತ ನನ್ನ ಗೆಳತಿ “ಶಿವಾ” ಎಂದಳು. ಕೆಡಲು ಶುರುವಾದದ್ದು ಅಲ್ಲಿಂದ.

ಅವಳು ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಅವರ ಮನೆಯಲ್ಲಿ ಕೂತರೂ ಎದ್ದರೂ ಆಕಳಿಸಿದರೂ ಬಾಯಿಗೆ ಬರುವುದು ಅದೊಂದೇ ಮಾತು. ಆದರೆ ಆ ದಿನ ಅವಳು ನಮ್ಮ ಚಿಕ್ಕಪ್ಪನ ಮಗಳಾಗಿದ್ದಳು. ನಾವು ವೈಷ್ಣವರು. ನನ್ನ ಅಮ್ಮನೇ ಅವಳ ಹಣೆಯ ವಿಭೂತಿ ಒರೆಸಿ ಕುಂಕುಮ ಇಟ್ಟು, ತನ್ನ ಸೀರೆ ಉಡಿಸಿ, “ಕೂತ್ರ ಕೃಷ್ಣಾ ಅನ್ನು” ಎಂದು ಹೇಳಿಕೊಟ್ಟಿದ್ದಳು. ಕೊರಳಿನ ಬೆಳ್ಳಿ ಕರಡಿಗೆಗೆ ಗೆಳತಿ ಕೈ ಹಾಕಿದಾಗ ಮಾತ್ರ ಅಮ್ಮ ತಡೆದಳು. “ಲಿಂಗ ತಗೀಬ್ಯಾಡ. ಸೆರಗಿನೊಳಗ ಇರ್ಲಿ.”

ಗೆಳತಿ ಮೆಚ್ಚಿದವನು ಅವಳ ಊರಿನವನೇ, ಮುಸಲ್ಮಾನ, ಸೈನ್ಯದಲ್ಲಿದ್ದ. ಆ ವರ್ಷ ಯುದ್ಧ ಇಂದೋ ನಾಳೆಯೋ ಎಂಬಂತೆ ಗಡಿಯಲ್ಲಿ ಸೈನ್ಯ ಜಮಾಯಿಸಿತ್ತು. ಅವನಿಗೆ ರಜೆ ಇರಲಿಲ್ಲ. ಅಷ್ಟರಲ್ಲಿ ಅವಳ ಮನೆಯವರಿಗೆ ವಿಷಯ ತಿಳಿಯಿತು. ಬೇರೆ ಕಡೆ ಮದುವೆ ಗೊತ್ತುಮಾಡಿದರು. ಒಲ್ಲೆ ಎಂದದ್ದಕ್ಕೆ ಅಣ್ಣ, “ಅವನ ಹೆಸರು ಇನ್ನೊಮ್ಮೆ ಎತ್ತಿದ್ರ ಕಡದು ಕಾಲುವಿಗೆ ಒಗಿತೀನಿ” ಎಂದಿದ್ದ. ಅವಳು ಓಡಿ ನಮ್ಮ ಮನೆಗೆ ಬಂದಳು. ಸೈನಿಕನ ಅಕ್ಕ ಸಂಡೂರಿನ ಹತ್ತಿರದ ಯಶವಂತನಗರದಲ್ಲಿದ್ದಳು. ಗೆಳತಿಯನ್ನು ಅಲ್ಲಿ ಮುಟ್ಟಿಸುವುದು ನನ್ನ ಕೆಲಸ.

“ನಾ ಈ ಮದಿವಿಗೆ ಒಪ್ಪಂಗಿಲ್ಲ,” ಎಂದಿದ್ದಳು ಅಮ್ಮ. “ಆದ್ರ ಹುಡುಗಿ ಸಾಯೂದು ಬ್ಯಾಡ.”

“ಶಿವಾ” ಎಂಬುದನ್ನು ಕೇಳಿ ಮುಂದಿನ ಸೀಟಿನವನು ತಿರುಗಿದ. ಕಂಪ್ಲಿ ಹತ್ತಿರದ ಮೆಟ್ರಿ ಕಡೆಯ ಭತ್ತದ ದಲಾಲಿ.

“ಯಾರ ಪೈಕಿರೀ ನೀವು?”

“ಇಲ್ಲೇ, ಆಚಾರ್ರ ಮನಿಯವ್ರು,” ಎಂದೆ. “ಈಕಿ ನಮ್ಮ ಚಿಕ್ಕಪ್ಪನ ಮಗಳು.”

“ಆಚಾರ್ರ ಮನ್ಯಾಗ ಯಾವಾಗಿಂದ ಶಿವಾ ಅನ್ನಾಕ ಹತ್ಯಾರ್ರೀ?” ಎಂದು ನಕ್ಕ. ಆಮೇಲೆ ಅವಳ ಮುಖವನ್ನೇ ನೋಡಿದ. ನಗು ಹೋಯಿತು. “ನಮ್ಮ ಗಿರಣಿ ಸಾವುಕಾರ್ರ ಮಗಳಲ್ಲೇನವ್ವ ನೀನು?”

ಗೆಳತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಘಾಟಿಗೆ ಮೊದಲು ಚಹಾದಂಗಡಿಯ ಮುಂದೆ ಬಸ್ಸು ನಿಂತಾಗ ಅವನು ಇಳಿದು ಟೆಲಿಫೋನ್ ಬೂತಿಗೆ ಹೋದ. ಗಾಜಿನ ಹಿಂದಿನಿಂದ ನಮ್ಮ ಕಿಟಕಿಯನ್ನೇ ನೋಡುತ್ತ ಮಾತಾಡಿದ. ಮತ್ತೆ ಬಸ್ಸು ಹತ್ತಲಿಲ್ಲ.

ಘಾಟಿಯಲ್ಲಿ ಅದಿರಿನ ಲಾರಿಯೊಂದು ಅಡ್ಡ ನಿಂತಿತ್ತು. ಅದರ ಹಿಂದೆ ಲಾರಿಗಳ ಸಾಲು, ನಡುವೆ ನಮ್ಮ ಬಸ್ಸು. ಮಧ್ಯಾಹ್ನವಾದರೂ ಕದಲಲಿಲ್ಲ. ಕಂಪ್ಲಿಯಿಂದ ಬೈಕಿನಲ್ಲಿ ಬರಲು ಅಷ್ಟು ಹೊತ್ತು ಸಾಕು. ಇಳಿದು ನಡೆದೆವು.

ತಿರುವಿನಾಚೆ ರಸ್ತೆ ಪಕ್ಕದ ಬಯಲಿನಲ್ಲಿ ಹೆಂಗಸರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದರು. ನಾವು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದುದನ್ನು ಕಂಡು ಒಬ್ಬಳು ಕರೆದಳು.

“ಯಾರರ ಬೆನ್ನ ಹತ್ಯಾರೇನ್ರೇ? ಬರ್ರಿ, ಕುಂದರ್ರಿ ಇಲ್ಲೆ. ಮಾರಿ ಮುಚ್ಚಿಕೊಳ್ರಿ.” ಗೆಳತಿಯ ಕೈಗೆ ಸುತ್ತಿಗೆ ಕೊಟ್ಟು, “ಅಯ್ಯ, ಬೆಣ್ಣಿ ಕೈ! ಮಣ್ಣಾಗ ಒರಿಸು,” ಎಂದಳು.

ನಮ್ಮ ಕೈ ಕೆಂಪಾಗುವಷ್ಟರಲ್ಲಿ ಬೈಕಿನ ಸದ್ದು ಬಂತು. ಅಣ್ಣ ಒಬ್ಬನೇ ಇದ್ದ. ಹಿಂದಿನ ಸೀಟಿಗೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೇನನ್ನೋ ಕಟ್ಟಿದ್ದ. ಒಂದು ತುದಿಯಲ್ಲಿ ಚೀಲ ಹರಿದು ಕಬ್ಬಿಣ ಕಾಣುತ್ತಿತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬೈಕು ನಿಲ್ಲಿಸಿ, ಅಂಚಿಗೆ ಕೂತಿದ್ದವಳನ್ನು ಕೇಳಿದ.

“ಅಕ್ಕಾರ, ಇಬ್ಬರು ಹುಡಿಗ್ಯಾರು ಈ ಕಡೆ ಬಂದ್ರೇನ್ರಿ?”

ಅಂಚಿಗೆ ಕೂತಿದ್ದವಳು ನನ್ನ ಗೆಳತಿ.

ಅವಳು ತಲೆ ಎತ್ತಲಿಲ್ಲ. ಸುತ್ತಿಗೆ ಹಿಡಿದ ಕೈಯಿಂದಲೇ ಗುಡ್ಡದ ಮೇಲಿನ ಗಣಿಯ ದಾರಿ ತೋರಿಸಿದಳು. ಅವನು “ಬರ್ತೀನ್ರಿ” ಎಂದು ಆ ಕಡೆ ಹೋದ. ಇಷ್ಟೇ ನಡೆದದ್ದು. ನನ್ನ ತಲೆಯಲ್ಲಿ ಮಾತ್ರ ಅದು ಬೇರೆ ಬೇರೆ ಥರ ನಡೆಯುತ್ತದೆ. ಒಮ್ಮೆ ಅವಳು ಸೀನುತ್ತಾಳೆ. ಒಮ್ಮೆ ಅವನು ಅವಳ ಪಾದಗಳನ್ನು ನೋಡುತ್ತಾನೆ. ಪಾದಗಳಿಗೆ ನಾವು ಮಣ್ಣು ಹಚ್ಚಿರಲಿಲ್ಲ.

“ಯಾರವ್ವ ಆಂವ?” ಎಂದು ಕೇಳಿದಳು ಸುತ್ತಿಗೆ ಕೊಟ್ಟವಳು.

“ನಮ್ಮಣ್ಣ.”

“ಚೊಲೊ ಮರ್ಯಾದಿ ಕೊಟ್ಟ ಬಿಡು. ಅಕ್ಕಾರ ಅಂದ.”

ಗೆಳತಿ ನಕ್ಕಳು. ನಗು ನಿಲ್ಲಲಿಲ್ಲ, ಆಮೇಲೆ ವಾಂತಿ ಮಾಡಿದಳು.

ಸಂಜೆಗೆ ಯಶವಂತನಗರ ಸೇರಿದೆವು. ಸೈನಿಕನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಬಾರವ್ವ, ಮೊದಲು ಮಾರಿ ತೊಳಕೊ,” ಎಂದಳು. ಮರುದಿನ ನಾನು ಹೊಸಪೇಟೆಗೆ ಮರಳಿದೆ. ಅಣ್ಣ ನಮ್ಮ ಮನೆಗೂ ಬಂದ. ಅಮ್ಮ ಬಾಗಿಲು ಪೂರ್ತಿ ತೆರೆಯದೆ “ಇಲ್ರಿ” ಎಂದಳು. ಆಮೇಲೆ ಯಾವ ಬೈಕಿನ ಸದ್ದು ಕೇಳಿದರೂ ನಾನು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಯಶವಂತನಗರದಲ್ಲಿ ಅವಳೂ ಹಾಗೇ ಕೂರುತ್ತಿದ್ದಳಂತೆ.

ಗಡಿಯಿಂದ ಸೈನ್ಯ ಹಿಂದೆ ಸರಿದ ಮೇಲೆ ಸೈನಿಕನಿಗೆ ರಜೆ ಸಿಕ್ಕಿತು. ದೂರದ ಊರಿನಲ್ಲಿ ನೋಂದಣಿ ಮದುವೆಯಾಗಿ ಅವಳನ್ನು ಉತ್ತರದ ತನ್ನ ದಂಡಿನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ಒಂದು ಭಾನುವಾರ ಅಲ್ಲಿಂದ ಅವಳ ಫೋನು ಬಂತು.

“ನಿನ್ನಿ ರಾತ್ರಿ ಮಲಗಿದಾಕಿ ಬೆಳಗಾಗೂತನಕ ಎದ್ದೇ ಇಲ್ಲ ನೋಡಲೇ,” ಎಂದಳು. “ಗೇಟಿನಾಗ ಬಂದೂಕು ಹಿಡಕೊಂಡು ನಿಂತಾರ, ಯಾ ಅಣ್ಣನೂ ಒಳಗ ಬರಂಗಿಲ್ಲ.”

“ಕುಂದ್ರುವಾಗ ಏನಂತಿ?”

“ಶಿವಾ ಅಂತೀನಿ. ಇಲ್ಲಿ ಯಾರೂ ತಿರುಗಿ ನೋಡಂಗಿಲ್ಲ. ಈಗೀಗ ನನ್ನ ಗಂಡನೂ ಅಂತಾನ.”

ಅಮ್ಮನಿಗೆ ಹೇಳಿದೆ. ಆ ರಾತ್ರಿ ನಾನು ಮಲಗಿದೆ. ಓಣಿಯಲ್ಲಿ ಬೈಕುಗಳು ಓಡಾಡಿರಬೇಕು, ನನಗೆ ಕೇಳಲಿಲ್ಲ. ಕಣ್ಣು ಬಿಟ್ಟಾಗ ಅಮ್ಮ ಅಂಗಳಕ್ಕೆ ನೀರು ಹಾಕಿ ರಂಗೋಲಿ ಮುಗಿಸಿದ್ದಳು.