ನೀರಿನ ಸದ್ದು ಕೇಳುತ್ತಿದ್ದ ನಂಜುಂಡ

ನಂಜುಂಡ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸುತ್ತ ಎಷ್ಟೇ ಗಲಾಟೆಯಿರಲಿ, ಬಸ್ಸು ಪಕ್ಕದಲ್ಲೇ ಹಾರನ್ ಹೊಡೆಯಲಿ, ಅವನಿಗೆ ಬೇಕಾದ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಕಣ್ಣು ಬಿಟ್ಟು ಎರಡರಲ್ಲೊಂದು ಮಾತು ಹೇಳುತ್ತಿದ್ದ. ಒಳಗೆ ಗಡಗಡ ಎಂದರೆ "ಒಡಿ." ನೀರು ಕುಲುಕಿದ ಹಾಗೆ ಕೇಳಿದರೆ "ನೀರೈತೆ, ಅಟ್ಟಕ್ಕಾಕು."

ನಮ್ಮ ಕಡೆ ಕೊಬ್ಬರಿಯಾಗುವುದು ಅಟ್ಟದ ಮೇಲೆ. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದಷ್ಟು ಕಾಲ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಾಡುತ್ತದೆ. ಆತುರಪಟ್ಟು ಒಡೆದರೆ ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ನಂಜುಂಡನ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಟ್ಟ ನೋಡಲಿಕ್ಕೆಂದು ಅರಳಗುಪ್ಪೆಯಿಂದ ತುರುವೇಕೆರೆಯವರೆಗೆ ಜನ ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ನಾನು ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಹೆಸರು ಶ್ರೀನಿವಾಸ, ಅವನ ಬಾಯಲ್ಲಿ ಸೀನ. ಹೈಸ್ಕೂಲಿನಿಂದ ಜೊತೆಗೇ ಬೆಳೆದವರು ನಾವು. ಎರಡು ವರ್ಷದ ಹಿಂದೆ ಇಬ್ಬರೂ ಬೈಕಿನಲ್ಲಿ ಲಡಾಖಿಗೆ ಹೋದೆವು. ನಾನೊಬ್ಬನೇ ವಾಪಸು ಬಂದೆ. ಅಲ್ಲೇನಾಯಿತೆಂದು ಅವನ ಹೆಂಡತಿ ಜಯಮ್ಮನಿಗೆ ನಾನು ಹೇಳಿದ್ದು ಸುಳ್ಳು. ನಿಜ ಹೇಳಿಬಿಡಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಅವನು ಎಂಥವನೆಂದು ಹೇಳದೆ, ಹೇಗೆ ಸತ್ತನೆಂಬುದನ್ನು ಮಾತ್ರ ಹೇಳುವುದು ನನ್ನಿಂದಾಗದು.

ಆಳು ಕುಳ್ಳ, ದನಿ ಮಾತ್ರ ಎರಡಾಳಿನದು. ನಮಗೆ ತಿರುಗಾಟದ ಹುಚ್ಚು ಹತ್ತಿಸಿದ್ದು ಹಳೇ ಪೇಪರಿನ ಗಂಟಿನಲ್ಲಿ ಅವನಿಗೆ ಸಿಕ್ಕ ಒಂದು ಕಾದಂಬರಿ. ಮೇಲಿನ ರಟ್ಟು ಕಿತ್ತುಹೋಗಿತ್ತು, ಹೆಸರೇನು, ಬರೆದವರು ಯಾರು, ದೇವರೇ ಬಲ್ಲ. ಇಬ್ಬರು ಗೆಳೆಯರು ಹಿಮದ ಬೆಟ್ಟ ದಾಟಲು ಹೊರಡುವ ಕಥೆ. ಕಾಯಿ ಸುಲಿಯುವ ಶೆಡ್ಡಿನಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಕೊಬ್ಬರಿ ಕೆತ್ತುವ ಹೆಂಗಸರು ಕತ್ತಿ ಕೆಳಗಿಟ್ಟು ಕೇಳುತ್ತಿದ್ದರು. ನಡುನಡುವೆ ಪುಸ್ತಕ ಮುಚ್ಚಿ, "ಇವನು ಮನೇಲಿ ಕಾಲ್ಚಾಚ್ಕೊಂಡು ಬರ್ದವ್ನೆ ಕಣ್ಲಾ ಸೀನ. ಬೆಟ್ಟ ಅತ್ತೋನು ಇಷ್ಟೊಂದು ಮಾತಾಡಲ್ಲ. ಉಸ್ರೆಲ್ಲೈತೆ?" ಎನ್ನುತ್ತಿದ್ದ. ಅಷ್ಟು ಬೈದರೂ ಅದನ್ನು ನಾಲ್ಕು ಸಲ ಓದಿದ.

ಆಮೇಲೆ ವರ್ಷಕ್ಕೊಂದು ಸಲ ನಾವು ಬೈಕು ಹತ್ತುವುದು ನೇಮವಾಯಿತು. ರಾಜಸ್ಥಾನದ ಒಂದು ಗುಡಿಯ ಮುಂದೆ ತೆಂಗಿನಕಾಯಿ ಅಂಗಡಿ ಕಂಡಾಗ ಅವನ ಕೈ ಸುಮ್ಮನಿರಲಿಲ್ಲ. ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸಿದ. "ಅಯ್ಯೋ ಮಾರಾಯ, ಇದಾಗ್ಲೇ ಕೊಬ್ಬರಿಯಾಗೈತೆ, ಇದ್ನ ಈಡುಗಾಯಿ ಒಡುಸ್ತೀಯಲ್ಲಪ್ಪ" ಎಂದು ಅಚ್ಚ ಕನ್ನಡದಲ್ಲಿ ಬೈದ. ಅಂಗಡಿಯವನಿಗೆ ಏನು ಅರ್ಥವಾಯಿತೋ, ಕುಡಿಯಲು ಚಹಾ ಕೊಟ್ಟ. ನಾನು ನಕ್ಕು ನಕ್ಕು ಫೋಟೋ ಅಲುಗಾಡಿಸಿಬಿಟ್ಟೆ.

ಶ್ರೀಶೈಲದ ಕಾಡುದಾರಿಯಲ್ಲಿ ನನಗೆ ಜ್ವರ ಬಂದದ್ದನ್ನೂ ಹೇಳಬೇಕು. ನದಿ ಕಾಣಿಸಲು ಇನ್ನು ಅರ್ಧ ಗಂಟೆಯ ದಾರಿ. ಅವನು ತಿಂಗಳಿಂದ ಕಾದಿದ್ದ ದಾರಿ. ನನ್ನ ಹಣೆ ಮುಟ್ಟಿ ನೋಡಿದವನೇ ಬೈಕು ತಿರುಗಿಸಿದ. ನಾನು ಜಾರಿ ಬೀಳದಿರಲೆಂದು ಟವೆಲಿನಿಂದ ನನ್ನನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಡಾಕ್ಟರ ಬಾಗಿಲಿಗೆ ಮುಟ್ಟಿಸಿದ. "ನದಿ ಎಲ್ಲೂ ಓಗಲ್ಲ ಕಣ್ಲಾ. ನೀನು ಓದ್ರೆ ನಿನ್ನ ಎಂಡ್ತಿಗೆ ನಾನೇನಂತ ಯೋಳ್ಲಿ?" ಎಂದ.

ಲಡಾಖಿನಲ್ಲಿ ನಾವು ಅವಸರ ಮಾಡಿದೆವು. ಗಾಳಿ ತೆಳುವಾದ ಆ ಎತ್ತರಕ್ಕೆ ಮೈ ಒಗ್ಗಲೆಂದು ಎರಡು ದಿನ ಸುಧಾರಿಸಿಕೊಂಡು ಹತ್ತಬೇಕಾದದ್ದನ್ನು ಒಂದೇ ದಿನದಲ್ಲಿ ಹತ್ತಿದೆವು. ಅವಸರ ಯಾರದೆಂದರೆ, ನನ್ನದು. ಮೇಲಿನ ಕಣಿವೆಯ ಫೋಟೋಗಳಿಂದ ಸ್ಟುಡಿಯೋದ ಗೋಡೆ ತುಂಬಿಸುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕಣಿವೆಗೆ ನಲವತ್ತು ಕಿಲೋಮೀಟರ್ ಉಳಿದಿರುವಾಗ ಒಂದು ಹಳ್ಳಿಯ ಮನೆಯಲ್ಲಿ ಇಳಿದುಕೊಂಡೆವು. ಬೆಳಿಗ್ಗೆ ನೋಡಿದರೆ ನಂಜುಂಡ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಕೆಮ್ಮು ಬರುತ್ತದೆಂದ. ನಾಲ್ಕು ಹೆಜ್ಜೆ ನಡೆದರೆ ಏದುಸಿರು.

"ಲೇ ಸೀನ, ಬೆನ್ಗೆ ಕಿವಿ ಇಟ್ಟು ನೋಡ್ಲಾ" ಎಂದ. ಇಟ್ಟೆ. ಒಳಗೆ ಗುಳುಗುಳು ಸದ್ದು.

"ಏನ್ ಕೇಳ್ತೈತೆ?"

"ನೀರು ಕಣ್ಲಾ."

ಅವನು ನಕ್ಕ. ತುಟಿಗೆ ಬಣ್ಣವಿರಲಿಲ್ಲ. "ಅಂಗಾರೆ ಇನ್ನೂ ಟೈಮೈತೆ ಬುಡು. ಆರ್ಲಿ."

ನಾನೂ ನಕ್ಕೆ. ಮೂವತ್ತು ವರ್ಷ ಅವನ ಜೊತೆ ಅಟ್ಟಗಳಡಿ ನಿಂತು ಬೆಳೆದ ಬುದ್ಧಿ ನನ್ನದು. ನೀರಿನ ಸದ್ದು ಕೇಳಿದರೆ ನಮ್ಮವರಿಗೆ ಹೊಳೆಯುವುದು ಒಂದೇ: ಕಾಯಬೇಕು, ಕೈ ಹಾಕಬಾರದು. ಮನುಷ್ಯನ ಎದೆಯಲ್ಲಿ ನೀರಿದ್ದರೆ ಕಾಯುವ ಹಾಗಿಲ್ಲವೆಂಬುದು ಬೇರೆ ಯಾವ ಊರಿನವನಿಗಾದರೂ ತಿಳಿಯುತ್ತಿತ್ತೇನೋ. ತಮಾಷೆಯೆಂದುಕೊಂಡೇ ಆ ಮಾತನ್ನು ಇಬ್ಬರೂ ನಂಬಿಬಿಟ್ಟೆವು.

ಮನೆಯ ಯಜಮಾನ ನಂಬಲಿಲ್ಲ. ನಂಜುಂಡನ ನೀಲಿಗಟ್ಟಿದ ಉಗುರು ನೋಡಿದವನೇ ಹಿಂದಿಯಲ್ಲಿ, ಇವರನ್ನು ಈಗಲೇ ಕೆಳಗಿಳಿಸಿ, ಹತ್ತು ಗಂಟೆಗೆ ಬಾಗಿಲಿಂದಲೇ ಗಾಡಿ ಹೊರಡುತ್ತದೆ, ಎಂದ. ನನ್ನ ಮುರುಕು ಹಿಂದಿಗೂ ಅಷ್ಟು ಅರ್ಥವಾಯಿತು. ನಾನು ಮೇಲಿನ ದಾರಿ ನೋಡಿದೆ. ಆಕಾಶ ತಿಳಿಯಾಗಿತ್ತು, ಫೋಟೋಕ್ಕೆ ಅಂಥ ಬೆಳಕು ಮತ್ತೆ ಸಿಗುವುದಿಲ್ಲ. ನಾಳೆ ನೋಡೋಣ, ಎಂದೆ. ಗಾಡಿ ಹಿಂದಿನ ಸೀಟು ಖಾಲಿಯಿಟ್ಟುಕೊಂಡೇ ಇಳಿದು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅವನ ಬಾಯಲ್ಲಿ ನೊರೆ ಕಾಣಿಸಿತು. ಯಜಮಾನ ಓಡಾಡಿ ಇನ್ನೊಂದು ಗಾಡಿ ಹಿಡಿದು ತರುವುದರೊಳಗೆ ಎರಡು ಗಂಟೆ ಕಳೆದಿತ್ತು. ತಿರುವಿನ ಮೇಲೆ ತಿರುವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಿರುವ ಊರು ಕೆಳಗೆ ಕಾಣಿಸುತ್ತಿದ್ದಂತೆ ಉಸಿರು ನಿಂತಿತು. ಇನ್ನೂ ಬಿಸಿಲಿತ್ತು.

ಊರಿಗೆ ಬಂದು ಜಯಮ್ಮನಿಗೆ, "ಇದ್ದಕ್ಕಿದ್ದಂಗೆ ಆಗೋಯ್ತಮ್ಮ, ಏನು ಮಾಡಾಕೂ ಟೈಮಿರ್ಲಿಲ್ಲ" ಎಂದೆ. ಕಾಲು ಗಂಟೆಯ ಮಾತು ಎಂಬಂತೆ ಹೇಳಿದೆ. ಇಡೀ ಒಂದು ಹಗಲಿನ ಟೈಮಿತ್ತು. ಊರಿನವರು ನನ್ನನ್ನೇ ಸಮಾಧಾನಪಡಿಸಿದರು. ಹೆಣದ ಜೊತೆ ಅಷ್ಟು ದೂರ ಒಬ್ಬನೇ ಬಂದನಲ್ಲ, ಸ್ನೇಹಿತ ಅಂದರೆ ಹಿಂಗಿರಬೇಕು, ಎಂದರು. ನಾನು ತಲೆ ತಗ್ಗಿಸಿ ಅದನ್ನೂ ತಗೊಂಡೆ.

ಕಳೆದ ವಾರ ಜಯಮ್ಮ ಸ್ಟುಡಿಯೋಗೆ ಬಂದರು. ಆ ಬೆಳಿಗ್ಗೆ ಅಂಗಳದಲ್ಲಿ ನಾನು ತೆಗೆದ ಅವನ ಕೊನೆಯ ಫೋಟೋದಿಂದ ಮುಖವಷ್ಟೇ ಕತ್ತರಿಸಿ, ಕಟ್ಟು ಹಾಕಿಸಿ ಅವರಿಗೆ ಮೊದಲೇ ಕೊಟ್ಟಿದ್ದೆ. "ಪೂರ್ತಿ ಫೋಟೋ ತೋರ್ಸಿ ಸೀನಣ್ಣ. ಕೊನೇಗೆ ಎಂತಾ ಜಾಗದಾಗೆ ಕುಂತಿದ್ರು ನೋಡಾನ" ಎಂದರು. ತಪ್ಪಿಸಿಕೊಳ್ಳಲಾಗಲಿಲ್ಲ. ಕಂಪ್ಯೂಟರಿನಲ್ಲಿ ತೆರೆದೆ. ನಂಜುಂಡನ ಬೆನ್ನ ಹಿಂದೆ ಗಾಡಿ ನಿಂತಿದೆ, ಬಾಗಿಲು ತೆರೆದಿದೆ.

ಬಹಳ ಹೊತ್ತು ನೋಡಿ ಕೇಳಿದರು, "ಈ ಗಾಡಿ ಎಲ್ಲೀದು?"

"ಕೆಳಗ್ ಓಗೋದು."

"ನೀವ್ಯಾಕೆ ಅತ್ಲಿಲ್ಲ?"

ನಿಜ ಹೇಳುವುದಿದ್ದರೆ ಅದೇ ಹೊತ್ತು. "ನಾಳೆ ಓಗಾನ ಅಂತಿದ್ವಿ. ಅಷ್ಟು ಜೋರಾಗೈತೆ ಅಂತ ಗೊತ್ತಾಗ್ಲಿಲ್ಲ" ಎಂದೆ. ಅರ್ಧ ನಿಜ.

ಜಯಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಒಂದ್ಮಾತು ಯೋಳಿ ಸೀನಣ್ಣ. ಅವ್ರಾಗೇ ಬಾಯ್ಬುಟ್ಟು ಕೇಳಿದ್ರಾ, ಓಗಾನ ಅಂತ?"

"ಇಲ್ಲ" ಎಂದೆ.

"ಅಂಗಾರೆ ಬುಡಿ" ಎಂದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಮುಖ ಹಗುರಾದದ್ದನ್ನು ಕಂಡೆ. ತರಿಸಿದ ಕಾಫಿ ಕುಡಿದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು.

ಕೇಳಿದ್ದ. ಮೇಲೆ ಇಷ್ಟೆಲ್ಲ ಬರೆಯುವಾಗಲೂ ಅದೊಂದನ್ನು ಬಿಟ್ಟೇ ಬರೆದಿದ್ದೇನೆ. ನಾನು ಕ್ಯಾಮೆರಾ ಒರೆಸುತ್ತಿದ್ದೆ, ಡ್ರೈವರ್ ಬಾಗಿಲು ಹಾಕಲು ಬಂದಿದ್ದ. ನಂಜುಂಡ ನನ್ನ ತೋಳು ಹಿಡಿದುಕೊಂಡು, ಅಷ್ಟು ದೊಡ್ಡ ದನಿಯವನು, ನನಗೆ ಮಾತ್ರ ಕೇಳುವ ಹಾಗೆ, "ಲೇ ಸೀನ, ಇಳ್ದುಬುಡಾನಾ?" ಎಂದು ಕೇಳಿದ್ದ.